ಭಾವನ ಮಣಿಕಟ್ಟು

ತಪ್ಪನ್ನು ಮೊದಲು ಕಂಡವಳು ಹೆಂಡತಿ. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಇಡಲು ಮೇಜಿನ ಮೇಲೆ ಜಾಗ ಹುಡುಕುತ್ತ, ಅಚ್ಚು ತೆಗೆದು ಮಾಡಿದ ಪ್ಲಾಸ್ಟರಿನ ಮಣಿಕಟ್ಟಿಗೆ ಅವನು ಕಟ್ಟಿಟ್ಟಿದ್ದ, ಅವನೇ ಮಾಡಿದ ವಾಚನ್ನು ಬಗ್ಗಿ ನೋಡಿದಳು. “ಚೆನ್ನಾಗೇ ಬಂದಿದೆ ಕಣ್ರೀ. ಆದ್ರೆ ಕೀ ಕೊಡೋ ಗುಂಡಿ ಯಾಕೆ ಮೊಣಕೈ ಕಡೆಗಿದೆ?” ಎಂದಳು. ಇವಳಿಗೇನು ಗೊತ್ತು ಎಂದುಕೊಂಡು ಅವನು ನಗಲು ಹೊರಟ. ಅವಳು ತನ್ನ ಎಡಗೈ ಚಾಚಿ, ತನ್ನ ಸಣ್ಣ ವಾಚನ್ನು ಅದರ ಪಕ್ಕಕ್ಕೆ ಹಿಡಿದು, “ನೋಡಿ, ನಂದು ಬೆರಳಿನ ಕಡೆಗಿದೆ” ಎಂದಾಗ ನಗು ಅರ್ಧಕ್ಕೇ ನಿಂತಿತು. ಗುಂಡಿ ಎಡಕ್ಕಿತ್ತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರೂ ಎಡಕ್ಕೇ ಇತ್ತು. ನಾಲ್ಕು ತಿಂಗಳ ಭಾನುವಾರಗಳೆಲ್ಲ ಇದಕ್ಕೇ ಹೋಗಿದ್ದವು. ಮೂರು ಸಲ ಒಡೆದ ಡಯಲ್ ನಾಲ್ಕನೆಯ ಸಲಕ್ಕೆ ನಿಂತಿತ್ತು. ನಿನ್ನೆ ಸಂಜೆ ಮುಳ್ಳು ಕೂರಿಸಿ, ಗಾಜು ಅಂಟಿಸಿ, ಕಿವಿಗೆ ಹಿಡಿದು, ಟಿಕ್ ಟಿಕ್ ಕೇಳಿ, ಅರವತ್ತೊಂದು ವರ್ಷದ ಗಂಡಸು ಒಬ್ಬನೇ ಕೋಣೆಯಲ್ಲಿ ಚಪ್ಪಾಳೆ ತಟ್ಟಿದ್ದ. ಇಷ್ಟು ಹೊತ್ತು ಅದನ್ನೇ ನೋಡುತ್ತಿದ್ದ ಕಣ್ಣಿಗೆ ಇದು ಯಾಕೆ ಕಾಣಲಿಲ್ಲ ಎಂಬುದು ಅವನಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಹೊಳೆದದ್ದರಿಂದ ಇನ್ನಷ್ಟು ನಾಚಿಕೆಯಾಯಿತು.

ಅವನು ಕಟ್ಟು ಹಲ್ಲು ಮಾಡುವವನು. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಅವನು ಹಿಂದಿನ ಕೋಣೆಯಲ್ಲಿ ಕೂತು ಹಲ್ಲು ಕಟ್ಟಿಕೊಡುತ್ತಾನೆ. ಬೀದಿಯಲ್ಲಿ ಅವನಿಗೆ ಹಲ್ಲಿನ ಮೇಸ್ತ್ರಿ ಎಂದೇ ಹೆಸರು. ಬಾಯಿ ಯಾವತ್ತೂ ಎದುರಿಗಿರುವ ಬಾಯಿ. ಎದುರು ಕೂತವರ ಬಲ ಅವನ ಎಡಕ್ಕೆ ಬರುತ್ತದೆ. ಮೂವತ್ತೆಂಟು ವರ್ಷದಿಂದ ಕೈಗೆ ಬಂದ ಪ್ರತಿಯೊಂದು ಅಚ್ಚಿನ ಎಡಭಾಗದಲ್ಲಿ ಪೆನ್ಸಿಲಿನಿಂದ ‘ಬಲ’ ಎಂದು ಬರೆದು ಬರೆದು, ಎಡಕ್ಕಿದ್ದುದು ಅವನಿಗೆ ಬಲವೇ ಆಗಿಹೋಗಿತ್ತು. ಭಾವನ, ಅಂದರೆ ಅಕ್ಕನ ಗಂಡನ, ಮಣಿಕಟ್ಟಿನ ಪ್ಲಾಸ್ಟರ್ ಒಣಗಿದ ದಿನವೂ ಕೈ ತನ್ನಷ್ಟಕ್ಕೆ ಹೋಗಿ ಎಡಗಡೆ ‘ಬಲ’ ಎಂದು ಬರೆದಿತ್ತು. ಆ ‘ಬಲ’ವನ್ನು ನಂಬಿ ಮೇಣದ ಅಚ್ಚಿನಲ್ಲಿ ಗುಂಡಿಗೆ ತೂತು ಬಿಟ್ಟ, ಲೋಹ ಎರಕ ಹೊಯ್ದ. ತಿರುಗಿಸಿ ಕಟ್ಟಿಕೊಳ್ಳೋಣವೆಂದರೆ ಅದೂ ಆಗದು. ಬೇರೆ ವಾಚುಗಳ ಬೆನ್ನು ಚಪ್ಪಟೆ; ಇದರ ಬೆನ್ನನ್ನು ಅವನು ಹಲ್ಲಿನ ಸೆಟ್ಟು ವಸಡಿಗೆ ಕೂರುವ ಹಾಗೆ, ಭಾವನ ಮಣಿಕಟ್ಟಿನ ಏರಿಳಿತಕ್ಕೆ ಸರಿಯಾಗಿ, ಎದ್ದು ನಿಂತ ಗುಬುಟು ಮೂಳೆಯ ಪಕ್ಕ ಒಂದಿಷ್ಟು ತಗ್ಗಿಸಿ ಮಾಡಿದ್ದ. ಜಗತ್ತಿನಲ್ಲಿ ಒಂದೇ ಕೈಗೆ, ಒಂದೇ ದಿಕ್ಕಿನಲ್ಲಿ ಕೂರುವ ವಾಚು. ಬಲ್ಲವರು ಇದನ್ನೆಲ್ಲ ಮಾಡುವುದಿಲ್ಲ ಎಂದು ವಾಚಿನ ಒಳಗಿನ ಯಂತ್ರ ಕೊಟ್ಟ ಗಡಿಯಾರ ರಿಪೇರಿಯವನು ಆಗಲೇ ಹೇಳಿದ್ದ. ಇವನು ಕೇಳಿರಲಿಲ್ಲ.

“ಹೋಗ್ಲಿ ಬಿಡಿ, ಭಾವ ಏನು ಪರೀಕ್ಷೆ ಮಾಡ್ತಾರಾ?” ಎಂದಳು ಹೆಂಡತಿ. ಅವಳು ಸಮಾಧಾನಕ್ಕೆ ಹೇಳಿದ್ದು. ಆದರೆ ಭಾವ ಪರೀಕ್ಷೆಯನ್ನೇ ಮಾಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಮೂವತ್ತು ವರ್ಷ ಅವರು ಮಾಡಿದ ಕೆಲಸವೇ ಅದು. ಊರಿನ ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ವಾಚಿನಂಗಡಿ, ಒಳಗೆ ಕಾಲಿಟ್ಟರೆ ನಮ್ಮ ಚಪ್ಪಲಿಯ ಸದ್ದು ನಮಗೇ ಕೇಳಿ ಮುಜುಗರವಾಗುವಂಥದ್ದು. ಅಲ್ಲಿ ಭಾವ ಸೇಲ್ಸಿನವರು. ಅಂಗಡಿಯ ಒಂದು ಪದ್ಧತಿಯಿತ್ತು: ಮಾರುವವನ ಕೈ ಬರಿದಾಗಿರಬಾರದು. ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರು ಬೀರು ತೆರೆದು ಒಬ್ಬೊಬ್ಬರಿಗೆ ಒಂದೊಂದು ಭಾರಿ ವಾಚು ಕೊಡುವರು, ಸಂಜೆ ಏಳಕ್ಕೆ ಅದನ್ನು ವಾಪಸ್ ಒಪ್ಪಿಸಬೇಕು. ಹಗಲೆಲ್ಲ ರಾಜನ ಕೈ, ರಾತ್ರಿ ಬೋಳು ಕೈ. ಒಪ್ಪಿಸುವ ಮೊದಲು ಭಾವ ಮೆತ್ತನೆ ಬಟ್ಟೆಯಲ್ಲಿ ವಾಚನ್ನು ಮಗುವಿನ ಮುಖ ಒರೆಸಿದ ಹಾಗೆ ಒರೆಸಿ, ಗುಂಡಿ ಎಳೆದು ನಿಲ್ಲಿಸಿ, ಮುಳ್ಳುಗಳನ್ನು ಹತ್ತು ಗಂಟೆ ಹತ್ತು ನಿಮಿಷಕ್ಕೆ ತಂದಿಡುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿದ್ದ ಎಲ್ಲ ವಾಚುಗಳಲ್ಲೂ ಹತ್ತೂ ಹತ್ತೇ. “ಯಾಕೆ ಭಾವ?” ಎಂದು ಇವನು ಕೇಳಿದ್ದ. “ಎರಡೂ ಮುಳ್ಳು ಮೇಲಕ್ಕಿದ್ರೆ ವಾಚು ನಗ್ತಿರೋ ಹಾಗೆ ಕಾಣುತ್ತೆ ಕಣೋ. ಅಳುಮುಂಜಿ ಮುಖಾನ ಯಾರು ಕೊಂಡ್ಕೋತಾರೆ?” ಎಂದಿದ್ದರು. ತಾನು ಆಮೇಲೆ ನಗು ಕಟ್ಟಿಕೊಡುವ ಕೆಲಸಕ್ಕೇ ಬಿದ್ದೆನಲ್ಲ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ. ಆ ಕೆಲಸಕ್ಕೆ ಸೇರಿಸಿದವರೂ ಭಾವನೇ, ಅಂಗಡಿಗೆ ಬರುತ್ತಿದ್ದ ಒಬ್ಬ ಹಲ್ಲಿನ ಡಾಕ್ಟರ ಕೈಕಾಲು ಹಿಡಿದು.

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಒಂಬತ್ತು ವರ್ಷದ ಅವನು ಒಂದು ಟ್ರಂಕು ಹಿಡಿದು ಅಕ್ಕನ ಮನೆಗೆ ಬಂದಿದ್ದ. ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು, ಮದುವೆಯಾಗಿ ಇನ್ನೂ ಆರೇ ತಿಂಗಳಾಗಿತ್ತು. ಒಂದೂವರೆ ಕೋಣೆಯ ಬಾಡಿಗೆ ಮನೆ. ಹೊಸ ಹೆಂಡತಿಯ ಜೊತೆ ಭಾಮೈದನೂ ಗಂಟುಬಿದ್ದ ಎಂದು ಭಾವ ಒಂದು ದಿನವೂ ಮುಖ ಗಂಟು ಹಾಕಿಕೊಂಡವರಲ್ಲ. ಅವನು ಸ್ಕೂಲು ಬಿಟ್ಟವನೇ ಅಂಗಡಿಯ ಹಿಂಬಾಗಿಲ ಮೆಟ್ಟಿಲಿಗೆ ಹೋಗಿ ಕೂರುವನು. ಆರು ಗಂಟೆಗೆ ಟೀ ಬಿಡುವು, ಕಾಲು ಗಂಟೆ. ಇಬ್ಬರೂ ಬೀದಿಯ ಮೂಲೆಯವರೆಗೆ ನಡೆದು, ಒಂದು ಟೀಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಕುಡಿದು, ವಾಪಸ್ ಬರುವರು. ಆ ಕಾಲು ಗಂಟೆಯಲ್ಲಿ ಅವನು ಏನಿಲ್ಲವೆಂದರೂ ನಾಲ್ಕು ಸಲ ಕೇಳುವನು. “ಗಂಟೆ ಎಷ್ಟು ಭಾವ?” ಭಾವ ಸುಮ್ಮನೆ ಹೇಳಿಬಿಡುತ್ತಿರಲಿಲ್ಲ. ನಿಲ್ಲುವರು. ಎಡಗೈಯನ್ನು ಮುಂದಕ್ಕೆ ಚಾಚಿ ಒಂದು ಸಲ ಕೊಡವುವರು. ಅಂಗಿಯ ತೋಳು ತಾನಾಗಿಯೇ ಹಿಂದೆ ಸರಿದು ಕೆನೆ ಬಣ್ಣದ ಡಯಲಿನ ಆ ವಾಚು ಬೀದಿಯ ಬೆಳಕಿಗೆ ಹೊರಗೆ ಬರುವುದು. ಎರಡು ಕ್ಷಣ ಅದನ್ನೇ ನೋಡಿ, ತೀರ್ಪು ಕೊಡುವವರ ಹಾಗೆ, “ಆರು ಗಂಟೆ ಏಳು ನಿಮಿಷ” ಎನ್ನುವರು. “ಇನ್ನೆಷ್ಟು ಹೊತ್ತಿದೆ?” ಎಂದು ಅವನು ಕೇಳುವನು. ಏಳಾಗಲು, ವಾಚು ಹೋಗಲು ಇನ್ನೆಷ್ಟು ಹೊತ್ತು ಎಂದು ಅರ್ಥ. “ಬೇಕಾದಷ್ಟಿದೆ ಬಾರೋ” ಎನ್ನುವರು ಭಾವ. ಈಗ ನೆನೆಸಿಕೊಂಡರೆ ಆ ಟೀಯ ಸಕ್ಕರೆ ನಾಲಿಗೆಗೆ ಬರುತ್ತದೆ. ಅಷ್ಟು ಸಿಹಿ ಟೀಯನ್ನು ಅವನು ಮತ್ತೆಲ್ಲೂ ಕುಡಿದಿಲ್ಲ, ಈಗ ಸಕ್ಕರೆಯನ್ನೇ ಡಾಕ್ಟರು ಬಿಡಿಸಿದ್ದಾರೆ.

ಹೆಂಡತಿ ಇಟ್ಟುಹೋದ ಕಾಫಿ ಆರಿ ತಣ್ಣಗಾಗಿತ್ತು. ಅವನು ಉಗುರಿನಿಂದ ಗುಂಡಿಯನ್ನು ಮುಟ್ಟಿ ನೋಡಿದ, ಮುಟ್ಟಿದರೆ ಆಚೆ ಕಡೆಗೆ ಹೋದೀತೇನೋ ಎಂಬಂತೆ. ಇದನ್ನು ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಇನ್ನು ನಾಲ್ಕು ತಿಂಗಳು. ಭಾವನಿಗೆ ಎಂಬತ್ತು ತುಂಬಿದೆ, ನಾಲ್ಕು ತಿಂಗಳೇನು ಅವರಪ್ಪನ ಮನೆ ಗಂಟೇ? ಇದನ್ನೇ ಒಯ್ದರೆ, ಒಂದು ಸಲ ಬಾಯಿ ಬಿಟ್ಟು ಹೇಳಬೇಕಾದ ಮಾತನ್ನು ನಲವತ್ತೇಳು ವರ್ಷ ನುಂಗಿಕೊಂಡವನು, ಕೊನೆಗೆ ಅದಕ್ಕೆ ಬದಲಾಗಿ ಒಂದು ಅಡ್ಡಾದಿಡ್ಡಿ ವಾಚನ್ನು ಕೈಗೆ ಹಿಡಿಸಿದ ಹಾಗಾಗುತ್ತದೆ. ಅವಮಾನ ಮಾಡಿದವನು ಇವನೇ, ಪರಿಹಾರವನ್ನೂ ಅವಮಾನದ ಹಾಗೆಯೇ ಮಾಡಿದ ಎಂದಾಗುತ್ತದೆ. ಆ ಅವಮಾನದ ಹಿಂದಿನ ದಿನ ಟೀ ಬಿಡುವಿನಲ್ಲಿ ಅವನು ಕೇಳಿದ್ದ, “ಒಂದೇ ಒಂದು ಸಲ ನನ್ನ ಕೈಗೆ ಕಟ್ಟಿ ಭಾವ, ಆ ಮೂಲೆವರೆಗೆ ಅಷ್ಟೇ.” ಆಗ ಅವನಿಗೆ ಹದಿನಾಲ್ಕು. ಭಾವ ತಲೆಯಾಡಿಸಿದ್ದರು. “ಬೇಡ ಕಣೋ. ನಂದಾಗಿದ್ರೆ ಕೊಡ್ತಿರಲಿಲ್ವಾ? ನಂದಲ್ಲ. ಬಿದ್ದು ಒಡೆದ್ರೆ ನನ್ನ ಮಾರಿದ್ರೂ ಸಾಲಲ್ಲ.” ಅವನಿಗೆ ಸಿಟ್ಟು ಬಂದಿರಲಿಲ್ಲ. ಅಥವಾ ಬಂದಿತ್ತು. ಇಷ್ಟು ವರ್ಷ ಅದನ್ನು ತಿರುವಿ ತಿರುವಿ ನೋಡಿ ಈಗ ಯಾವುದು ಆಗಿನದು, ಯಾವುದು ಆಮೇಲೆ ಸೇರಿಸಿದ್ದು ಗೊತ್ತಾಗುವುದಿಲ್ಲ.

ಮರುದಿನ ಮಹಡಿಯ ಮೇಲಿದ್ದ ಮನೆ ಮಾಲೀಕರು ಮಗಳು ಪಾಸಾದಳೆಂದು ಬಾಡಿಗೆಯವರನ್ನೆಲ್ಲ ಸಂಜೆ ತಿಂಡಿಗೆ ಕರೆದಿದ್ದರು. ಭಾವ ಒಂದು ಗಂಟೆ ರಜ ಕೇಳಿಕೊಂಡು ಅಂಗಡಿಯಿಂದ ನೇರ ಬಂದರು, ವಾಚು ಕೈಯಲ್ಲೇ ಇತ್ತು. ಅಕ್ಕ ಒಳಗೆ ಹೆಂಗಸರ ಜೊತೆ ಇದ್ದಳು. ಹೊರಗೆ ಉದ್ದನೆ ಬೆಂಚಿನ ಮೇಲೆ ಗಂಡಸರು, ತಟ್ಟೆಗಳು, ಬಿಸಿ ಟೀ. ಮಾಲೀಕರ ಬೀಗರೊಬ್ಬರು, ಗಟ್ಟಿ ದನಿಯವರು, ಭಾವನ ಕೈ ಹಿಡಿದು ಬೆಳಕಿಗೆ ತಿರುಗಿಸಿ, “ಓಹೋ! ಭಾರಿ ವಾಚು! ಸ್ವಂತದ್ದೋ?” ಎಂದರು. ಭಾವ ಅರ್ಧ ಗಳಿಗೆ ತಡೆದರು. ಆಮೇಲೆ, “ಹ್ಞೂಂ, ನಮ್ಮದೇ” ಎಂದರು. ಮೆಲ್ಲಗೆ, ಯಾರಿಗೂ ನಷ್ಟವಿಲ್ಲದ ಒಂದು ಸುಳ್ಳನ್ನು ಬೆಂಚಿನ ಮೇಲಿಟ್ಟ ಹಾಗೆ. ಪಕ್ಕದಲ್ಲಿ ಕೂತ ಇವನ ಬಾಯಿಂದ ಮಾತು ಹೊರಟುಹೋಯಿತು. “ಅಲ್ಲ, ಅದು ಅಂಗಡೀದು. ಏಳು ಗಂಟೆಗೆ ವಾಪಸ್ ಕೊಡ್ಬೇಕು. ಇಲ್ದಿದ್ರೆ ಮ್ಯಾನೇಜರ್ ಬೈತಾರೆ.” ನಿನ್ನೆ ನಂದಲ್ಲ ಎಂದವರು ಇವತ್ತು ನಮ್ಮದೇ ಎಂದರಲ್ಲ ಎಂಬ ಸಿಟ್ಟೋ, ದೊಡ್ಡವರ ಮಾತಿನಲ್ಲಿ ತನಗೂ ಒಂದು ವಿಷಯ ಗೊತ್ತು ಎಂಬ ಜಂಬವೋ. ಬೆಂಚಿಗೆ ಬೆಂಚೇ ನಕ್ಕಿತು. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ!” ಎಂದರು ಮಾಲೀಕರು. “ಬೇಗ ತಿನ್ನಪ್ಪ, ಏಳಾಗ್ತಾ ಬಂತು” ಎಂದ ಇನ್ನೊಬ್ಬ. ಭಾವನೂ ನಕ್ಕರು. ನಗುತ್ತಲೇ ಬಲಗೈಯಿಂದ ಅಂಗಿಯ ಎಡತೋಳನ್ನು ಕೆಳಗೆಳೆದು ವಾಚನ್ನು ಮುಚ್ಚಿಕೊಂಡರು. ಆ ಎಳೆದುಕೊಂಡದ್ದು ಅವನ ಕಣ್ಣಿನಿಂದ ಇವತ್ತಿನವರೆಗೂ ಹೋಗಿಲ್ಲ. ಬೈದಿದ್ದರೆ, ಕಪಾಳಕ್ಕೆ ಒಂದು ಬಿಟ್ಟಿದ್ದರೆ ಆವತ್ತೇ ಮುಗಿದುಹೋಗುತ್ತಿತ್ತು.

ಅಂಗಡಿಗೆ ಹಿಂದಿರುಗುವ ಭಾವನ ಜೊತೆ ಅವನು ಮೂಲೆಯವರೆಗೆ ನಡೆದ. ಬಾಯಿಗೆ ಬಂದ ‘ಗಂಟೆ ಎಷ್ಟು’ ಎಂಬುದನ್ನು ನುಂಗಿದ. ಅದನ್ನು ಕೇಳುವ ಹಕ್ಕು ಹೋಯಿತು ಎಂದು ಹದಿನಾಲ್ಕರ ಬುದ್ಧಿಗೆ ಅನ್ನಿಸಿತು. ಮಾರನೆಯ ದಿನದಿಂದ ಲೆಕ್ಕ ಮಾಡುವುದಿದೆ, ಪರೀಕ್ಷೆ ಇದೆ ಎಂದು ಹೇಳಿ ಅಂಗಡಿಯ ಹಿಂಬಾಗಿಲಿಗೆ ಹೋಗುವುದನ್ನೇ ಬಿಟ್ಟ. ಕೆಲವು ದಿನ ಭಾವ, “ಇವತ್ತು ಬರ್ತೀಯೇನೋ?” ಎನ್ನುತ್ತಿದ್ದರು. ಆಮೇಲೆ ಅವರೂ ಬಿಟ್ಟರು. ಮೊದಲ ಸಂಬಳದಲ್ಲಿ ಅವನು ಒಂದು ಸಾಧಾರಣ ವಾಚು ತೆಗೆದುಕೊಡುತ್ತೇನೆಂದಾಗ, “ನನಗ್ಯಾಕೋ ವಾಚು? ಹಗಲೆಲ್ಲ ಅದರ ಜೊತೆ ಇದ್ದು ಸಾಕಾಗಿರುತ್ತೆ” ಎಂದು ತಳ್ಳಿಹಾಕಿದರು. ನಿವೃತ್ತಿಯ ದಿನ ಅಂಗಡಿಯವರು ಏನು ಕೊಟ್ಟರು? ಒಂದು ಗೋಡೆ ಗಡಿಯಾರ, ಡಯಲಿನ ಮೇಲೆ ಅಂಗಡಿಯ ಹೆಸರು ದಪ್ಪಕ್ಷರದಲ್ಲಿ. ಅಕ್ಕ ಅದನ್ನು ನಡುಮನೆಗೆ ಹಾಕಿದಳು. “ಮೂವತ್ತು ವರ್ಷ ದುಡಿದಿದ್ದಕ್ಕೆ ಗೋಡೆಗೆ ಒಂದು ವಾಚು ಕಟ್ಟಿದ್ರು, ಇವರ ಕೈಗೆ ಕಟ್ಟಲಿಲ್ಲ” ಎಂದು ಅಕ್ಕ ಹೇಳಿದ್ದನ್ನು ಎಲ್ಲರೂ ತಮಾಷೆಯೆಂದೇ ತೆಗೆದುಕೊಂಡರು. ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ, ನಿದ್ದೆಯಿಂದ ಎದ್ದ ಭಾವ ಮೊದಲು ತಮ್ಮ ಬೋಳು ಮಣಿಕಟ್ಟನ್ನು ನೋಡಿ, ಆಮೇಲೆ ಗೋಡೆ ನೋಡಿದ್ದನ್ನು ಅವನು ಕಂಡ. ಆವತ್ತೇ ವಾಚು ಮಾಡುವುದೆಂದು ತೀರ್ಮಾನಿಸಿದ. ಕೊಂಡುತರುವುದಲ್ಲ, ಕೊಂಡದ್ದರ ಬೆಲೆ ಭಾವನ ಕಣ್ಣಿಗೆ ಒಂದೇ ನೋಟಕ್ಕೆ ಗೊತ್ತಾಗಿಬಿಡುತ್ತದೆ. ಬೆಲೆಯೇ ಗೊತ್ತಾಗದ ವಾಚು ಬೇಕಿತ್ತು.

ಅಳತೆ ತೆಗೆದ ದಿನ ಭಾವ ಎಷ್ಟು ನಕ್ಕಿದ್ದರು! “ಹೊಸ ಪೇಸ್ಟು ಬಂದಿದೆ ಭಾವ, ಬಾಯಿಗೆ ಹಾಕೋ ಮೊದಲು ಪರೀಕ್ಷೆ ಮಾಡ್ಬೇಕು, ಎಡಗೈ ಕೊಡಿ” ಎಂದು ಸುಳ್ಳು ಹೇಳಿ, ಪುದೀನ ವಾಸನೆಯ ಗುಲಾಬಿ ಮುದ್ದೆಯನ್ನು ಅವರ ಮಣಿಕಟ್ಟಿಗೆ ಮೆತ್ತಿದ್ದ. “ಕೈಗೂ ಹಲ್ಲು ಕಟ್ತೀಯೇನೋ? ಆಮೇಲೆ ಬಾಯಿಗೆ ಕೊಡದೆ ತಾನೇ ಊಟ ಮಾಡಿಬಿಡುತ್ತೆ” ಎಂದು ಭಾವ ಅಲ್ಲಾಡದೆ ಕೂತಿದ್ದರು. ಮುದ್ದೆ ಗಟ್ಟಿಯಾಗುವವರೆಗೆ ಮೂರು ನಿಮಿಷ ಅವನು ಆ ಕೈಯನ್ನು ಹಿಡಿದುಕೊಂಡಿದ್ದ. ಚರ್ಮ ಸಡಿಲಾಗಿ, ಮೂಳೆ ಎದ್ದು, ಬಿಸಿ ಮಾತ್ರ ಹಾಗೇ ಇದ್ದ ಕೈ. ಚಿಕ್ಕವನಿದ್ದಾಗ ರಸ್ತೆ ದಾಟಲು ಹಿಡಿದ ಮೇಲೆ ಅದನ್ನು ಹಿಡಿದದ್ದು ಆಗಲೇ. ಹಲ್ಲಿನ ಚೌಕಟ್ಟಿಗೆ ಹಾಕುವ ಬಿಳಿ ಲೋಹದಲ್ಲಿ ಕವಚ, ಪಾಲಿಶ್ ಚಕ್ರಕ್ಕೆ ಹಿಡಿದರೆ ಮುಖ ಕಾಣುವಷ್ಟು ಹೊಳಪು. ಡಯಲಿಗೆ ಹಲ್ಲಿನ ಪಿಂಗಾಣಿ ಪುಡಿ. ಆ ಹಳೆಯ ಕೆನೆ ಬಣ್ಣ ಯಾವುದೆಂದು ಹಲ್ಲಿನ ಬಣ್ಣದ ಪಟ್ಟಿ ಹಿಡಿದು ನೆನಪಿನಲ್ಲೇ ಹುಡುಕಿದಾಗ ಸಿಕ್ಕಿದ್ದು, ಮೂರು ವರ್ಷದ ಹಿಂದೆ ಭಾವನ ಹಲ್ಲಿನ ಸೆಟ್ಟಿಗೆ ತಾನೇ ಹಾಕಿದ ಬಣ್ಣ. ಅದು ಮಾತ್ರ ಸರಿಯಾಗಿ ಬಂದಿತ್ತು.

“ನೀವು ತಗೊಂಡು ಹೋಗದಿದ್ರೆ ನಾನೇ ಕೊಟ್ಟು ಬರ್ತೀನಿ” ಎಂದಳು ಹೆಂಡತಿ ಊಟದ ಹೊತ್ತಿಗೆ. “ಗುಂಡಿ ಅಲ್ಲಿದ್ರೇನು, ಇಲ್ಲಿದ್ರೇನು, ನಿಮ್ಮ ಭಾವ ಗುಂಡಿ ನೋಡ್ಕೊಂಡು ಬದುಕ್ತಾರಾ?” ಭಾವನ ಕೆಳಗಿನ ಸೆಟ್ಟು ಒತ್ತುತ್ತಿದೆ ಎಂದು ಅಕ್ಕ ಫೋನ್ ಮಾಡಿದ್ದಳು, ಹೇಗೂ ಹೋಗಬೇಕಿತ್ತು. ಉಜ್ಜುವ ಸಾಮಾನಿನ ಚೀಲದ ತಳದಲ್ಲಿ ವಾಚನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹಾಕಿಕೊಂಡ. ತೋರಿಸುವುದಿಲ್ಲ, ಸುಮ್ಮನೆ ಜೊತೆಗಿರಲಿ ಎಂದು ತನಗೇ ಹೇಳಿಕೊಂಡ. ಬಸ್ಸಿನಲ್ಲಿ ಕಂಬಿ ಹಿಡಿದ ಕೈಗಳೇ ಕಣ್ಣಿಗೆ ಬಿದ್ದವು. ವಾಚಿದ್ದ ಪ್ರತಿಯೊಂದು ಕೈಯಲ್ಲೂ ಗುಂಡಿ ಬೆರಳಿನ ಕಡೆಗೇ ಇತ್ತು. ಒಬ್ಬಳ ಕೈಯನ್ನು ತುಂಬಾ ಹೊತ್ತು ನೋಡಿ ಅವಳು ಸರಿದು ನಿಂತಾಗ, ಅಯ್ಯೋ, ಈ ವಯಸ್ಸಿಗೆ ಇದೊಂದು ಬಾಕಿಯಿತ್ತು ಎಂದು ಕಿಟಕಿಯ ಕಡೆ ತಿರುಗಿದ.

ಭಾವ ನಡುಮನೆಯಲ್ಲಿ ಬಿಳಿ ತುಂಬುತೋಳಿನ ಅಂಗಿ ಹಾಕಿಕೊಂಡು ಕೂತಿದ್ದರು. ಮನೆಯಲ್ಲೂ ಅವರಿಗೆ ತುಂಬುತೋಳೇ ಆಗಬೇಕು, ಗುಂಡಿ ಹಾಕಿದ ತೋಳು. ಮೇಲೆ ಗೋಡೆ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. “ಬಂದ ನೋಡು ಮೇಸ್ತ್ರಿ” ಎಂದರು. “ಕಟ್ಟಿದ ಮನೆ ಸೋರ್ತಾ ಇದೆ ಮಾರಾಯ, ಬೇಗ ನೋಡು.” ಅವನು ಎರಡೂ ಸೆಟ್ಟು ತೆಗೆಸಿ ತಟ್ಟೆಯ ಮೇಲಿಟ್ಟ. ಹಲ್ಲು ತೆಗೆದ ಭಾವನ ಮುಖ ಒಳಕ್ಕೆ ಮಡಚಿಕೊಂಡು, ಯಾರೋ ತೀರಾ ಚಿಕ್ಕವರ ಹಾಗೂ ತೀರಾ ಮುದುಕರ ಹಾಗೂ ಕಂಡಿತು. ಒತ್ತುವ ಜಾಗಕ್ಕೆ ಗುರುತು ಹಾಕಿ, ಉಜ್ಜುವ ಕಾಗದಕ್ಕೆಂದು ಚೀಲದೊಳಗೆ ಕೈ ಹಾಕಿ ತಡಕಾಡುವಾಗ ಬಿಳಿ ಬಟ್ಟೆ ಬಿಚ್ಚಿಕೊಂಡು ಮೇಲೆ ಬಂತು. ಬೇಕೆಂದೇ ಆಯಿತೋ, ತಾನಾಗಿ ಆಯಿತೋ. ಭಾವನ ಕಣ್ಣು ಅಲ್ಲೇ ನಿಂತಿತು.

“ಏನದು?” ಎಂದರು.

“ಏನಿಲ್ಲ ಭಾವ, ಸುಮ್ನೆ... ನಾನೇ ಮಾಡಿದ್ದು. ಸರಿಯಾಗಿ ಬಂದಿಲ್ಲ.”

ಭಾವ ಕೈ ಚಾಚಲಿಲ್ಲ. ಎದ್ದು ಹೋಗಿ ಬಚ್ಚಲಲ್ಲಿ ಕೈ ತೊಳೆದರು. ಒರೆಸಿಕೊಂಡು ಬಂದು, “ಲೇ, ಒಂದು ಒಗೆದ ಕರ್ಚೀಫು ಕೊಡೇ” ಎಂದು ಅಕ್ಕನನ್ನು ಕೂಗಿದರು. ಕರ್ಚೀಫನ್ನು ತೊಡೆಯ ಮೇಲೆ ಹಾಸಿ, ಅದರ ಮೇಲೆ ವಾಚನ್ನು ಇಡಿಸಿಕೊಂಡು, ಅಂಚಿನಲ್ಲಷ್ಟೇ ಹಿಡಿದು ಎತ್ತಿದರು. ಬೆರಳಿನ ಗುರುತು ಬೀಳದ ಹಾಗೆ ಹಿಡಿಯುವ ಆ ಹಿಡಿತ. ಅವರ ಬೆನ್ನು ನೆಟ್ಟಗಾಯಿತು. ಕಿವಿಗೆ ಹಿಡಿದರು, ಬೆಳಕಿಗೆ ಹಿಡಿದರು, ಅಂಚಿನ ಸುತ್ತ ಉಗುರು ಆಡಿಸಿ ಎಲ್ಲಾದರೂ ತಡೆಯುತ್ತದೆಯೇ ನೋಡಿದರು. ಅವನು ಪರೀಕ್ಷೆ ಬರೆದ ಹುಡುಗನಂತೆ ನಿಂತಿದ್ದ. ಅಕ್ಕ ಬಾಗಿಲಿಗೆ ಒರಗಿ ಇಬ್ಬರನ್ನೂ ನೋಡುತ್ತಿದ್ದಳು. ಗುಂಡಿಯ ಹತ್ತಿರ ಬಂದಾಗ ಭಾವನ ಬೆರಳು ನಿಂತಿತು. ವಾಚನ್ನು ಒಮ್ಮೆ ತಿರುಗಿಸಿದರು, ಮತ್ತೆ ತಿರುಗಿಸಿದರು.

“ಗುಂಡಿ ಈ ಕಡೆ?”

“ನನ್ನ ಕೆಲಸದಲ್ಲಿ ಎದುರಿನವರ ಬಲ ನನ್ನ ಎಡಕ್ಕೆ ಬರುತ್ತೆ ಭಾವ. ಅದೇ ಅಭ್ಯಾಸದಲ್ಲಿ... ಹಲ್ಲು ಅಂದ್ಕೊಂಡು ಮಾಡಿಬಿಟ್ಟೆ.”

ಭಾವ ನಕ್ಕರು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಸದ್ದೇ ಇಲ್ಲದೆ, ಭುಜ ಕುಲುಕಿಸಿ ನಕ್ಕರು. ಇಷ್ಟು ವರ್ಷ ಈ ನಗುವಿಗೆ ಹಲ್ಲು ಕಟ್ಟಿದ್ದು ತಾನೇ ಎಂದುಕೊಂಡಿದ್ದವನಿಗೆ, ನಗುವಿಗೂ ಹಲ್ಲಿಗೂ ಸಂಬಂಧವೇ ಇಲ್ಲವಲ್ಲ ಎನ್ನಿಸಿತು. ನಕ್ಕು ಕಣ್ಣೊರೆಸಿಕೊಂಡು ಅವರು ಗುಂಡಿಯನ್ನು ಎಳೆದು ವಾಚನ್ನು ನಿಲ್ಲಿಸಿದರು, ಮುಳ್ಳುಗಳನ್ನು ನಿಧಾನವಾಗಿ ತಿರುಗಿಸಿ ಹತ್ತೂ ಹತ್ತಕ್ಕೆ ತಂದರು. ವಾಚು ನೋಡುವ ಪದ್ಧತಿ ಅದು, ಕೈ ಮರೆತಿರಲಿಲ್ಲ. “ಯಾರ ಹತ್ರ ಕಲಿತೆ?” “ಯಾರ ಹತ್ರಾನೂ ಇಲ್ಲ.” “ಯಾರಿಗೆ ಇದು?” ಅವನು ಮೊಣಕಾಲೂರಿ ಕೂತು, ಭಾವನ ಎಡತೋಳಿನ ಗುಂಡಿ ಬಿಚ್ಚಿ, ಮಡಚಿ, ವಾಚನ್ನು ಮಣಿಕಟ್ಟಿನ ಮೇಲಿಟ್ಟ. ಬೆಲ್ಟು ಬಿಗಿಯುವ ಮೊದಲೇ ಅದು ಕೂತುಬಿಟ್ಟಿತು. ಆ ಮೂಳೆಯ ಪಕ್ಕದ ತಗ್ಗಿಗೆ ತಗ್ಗು, ಏರಿಗೆ ಏರು. ಭಾವ ಕೈ ಅಲ್ಲಾಡಿಸಿದರು, ಅದು ಅಲ್ಲಾಡಲಿಲ್ಲ. ಅವರ ಮುಖದ ನಗು ಹೋಯಿತು. ಆ ಗುಲಾಬಿ ಮುದ್ದೆ ಯಾತಕ್ಕೆ ಎಂಬುದು ಅವರಿಗೆ ಆಗ ಗೊತ್ತಾಗಿರಬೇಕು.

“ಇದು ವಾಪಸ್ ಕೊಡೋದಲ್ಲ ಭಾವ” ಎಂದ ಅವನು. ಇನ್ನು ತಡೆದರೆ ಮತ್ತೆ ನಲವತ್ತೇಳು ವರ್ಷ ಎಂದು ಅನ್ನಿಸಿ, “ಆವತ್ತು ಮಹಡಿ ಮೇಲೆ ನಾನು ಆ ಮಾತು ಆಡಬಾರದಿತ್ತು. ಎಲ್ಲರ ಮುಂದೆ. ನಿಮಗೆ ಅವಮಾನ ಮಾಡಿಬಿಟ್ಟೆ. ಒಂದು ದಿನಾನೂ ಮರೆತಿಲ್ಲ” ಎಂದ.

ಭಾವ ವಾಚನ್ನೇ ನೋಡುತ್ತಿದ್ದರು. “ಅದಾ?” ಎಂದರು. ಹಲ್ಲಿಲ್ಲದೆ ಮಾತು ಮೆತ್ತಗೆ ಜಾರುತ್ತಿತ್ತು. “ಸುಳ್ಳು ಹೇಳಿದ್ದು ನಾನು ಕಣೋ. ನೀನು ನಿಜ ಹೇಳಿದೆ. ನಾಲ್ಕು ದಿನ ಬೇಜಾರಾಯ್ತು, ಇಲ್ಲ ಅನ್ನಲ್ಲ. ಆಮೇಲೆ ಮರೆತೆ. ಆದ್ರೆ...” ಅವರು ನಿಲ್ಲಿಸಿ ಅಕ್ಕನ ಕಡೆ ನೋಡಿದರು. ಅಕ್ಕ ಹೇಳಿಬಿಡಿ ಎಂಬಂತೆ ತಲೆಯಾಡಿಸಿದಳು. “ಆದ್ರೆ ಅವತ್ತಿಂದ ನೀನು ನನ್ನ ಹತ್ರ ಗಂಟೆ ಕೇಳೋದನ್ನೇ ಬಿಟ್ಟುಬಿಟ್ಟೆ. ಸಂಜೆ ಆರಕ್ಕೆ ಆ ಹಿಂಬಾಗಿಲು ತೆಗೀತಿದ್ದೆ, ಮೆಟ್ಟಿಲು ಖಾಲಿ. ಒಬ್ಬನೇ ಮೂಲೆವರೆಗೆ ಹೋಗಿ ಬರ್ತಿದ್ದೆ. ಅಷ್ಟು ದೊಡ್ಡ ವಾಚು ಕೈಲಿ, ಗಂಟೆ ಕೇಳೋಕೆ ಒಬ್ಬ ಗತಿ ಇಲ್ಲ.”

ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡು, ಟೀಗಿಡುತ್ತೇನೆಂದು ಒಳಗೆ ಹೋದಳು. ನಲವತ್ತೇಳು ವರ್ಷ ತಾನು ತಪ್ಪು ಜಾಗಕ್ಕೇ ಗುರುತು ಹಾಕಿಕೊಂಡು ಕೂತಿದ್ದೆ ಎಂದು ಅವನಿಗೆ ತಿಳಿಯಿತು. ಒತ್ತುತ್ತಿದ್ದದ್ದು ಒಂದು ಕಡೆ, ಇವನು ಉಜ್ಜುತ್ತಿದ್ದದ್ದು ಇನ್ನೊಂದು ಕಡೆ. ನೆಲದ ಮೇಲೆ ಕೂತಲ್ಲಿಂದಲೇ ತಲೆಯೆತ್ತಿ, ಹದಿನಾಲ್ಕರ ವಯಸ್ಸಿನಲ್ಲಿ ನುಂಗಿದ ಮಾತನ್ನು ಹೊರಗೆ ತೆಗೆದ.

“ಗಂಟೆ ಎಷ್ಟು ಭಾವ?”

ಭಾವ ಮೊದಲು ಅವನು ಮಡಚಿದ್ದ ತೋಳನ್ನು ಬಿಡಿಸಿ ಮಣಿಕಟ್ಟಿನವರೆಗೂ ಇಳಿಸಿಕೊಂಡರು. ಆಮೇಲೆ ಎಡಗೈಯನ್ನು ಮುಂದಕ್ಕೆ ಚಾಚಿದರು. ಒಂದು ಸಲ ಕೊಡವಿದರು, ತೋಳು ಹಿಂದೆ ಸರಿಯಿತು, ಕೆನೆ ಬಣ್ಣದ ಡಯಲ್ ಕಿಟಕಿಯ ಬೆಳಕಿಗೆ ಹೊರಗೆ ಬಂತು. ಎರಡು ಕ್ಷಣ ಅದನ್ನೇ ನೋಡಿದರು. ಅವರ ತಲೆಯ ಮೇಲೆ ಅಂಗಡಿಯವರು ಕೊಟ್ಟ ಗಡಿಯಾರ ಐದು ಹೊಡೆಯಿತು. ಅವರು ಅತ್ತ ತಿರುಗಲಿಲ್ಲ.

“ಹತ್ತು ಗಂಟೆ ಹತ್ತು ನಿಮಿಷ” ಎಂದರು.

“ಇನ್ನೆಷ್ಟು ಹೊತ್ತಿದೆ?”

“ಬೇಕಾದಷ್ಟಿದೆ ಬಾರೋ” ಎಂದರು ಭಾವ. ಒಳಗಿನಿಂದ ಅಕ್ಕ ಟೀ ತಂದಿಡುವವರೆಗೂ ಆ ಕೈಯನ್ನು ಹಾಗೇ ಚಾಚಿಕೊಂಡಿದ್ದರು, ತೋಳನ್ನು ಕೆಳಗೆಳೆದುಕೊಳ್ಳಲಿಲ್ಲ.